ಅನ್ನ ಬಿಟ್ಟ ಆಟಿ

ಕಳೆದ ವಾರ ಒಂದು ಗೃಹಪ್ರವೇಶದ ಅಡುಗೆಯ ಮಾತುಕತೆಗೆ ಕಡಬಕ್ಕೆ ಹೋಗಿದ್ದೆ. ಒಲೆ ಎಲ್ಲಿ ಹೂಡುವುದು, ನೀರು ಎಲ್ಲಿಂದ, ಮಳೆ ಬಂದರೆ ಬಡಿಸುವವರು ಯಾವ ದಾರಿಯಲ್ಲಿ ಓಡಾಡುವುದು ಎಂದೆಲ್ಲ ನೋಡಿಕೊಂಡು ಬಸ್ಸಿಗೆ ನಡೆದು ಬರುತ್ತಿದ್ದೆ. ಮನೆಯ ಯಜಮಾನರೂ ಜೊತೆಗಿದ್ದರು. ಪೇಟೆಯ ತುದಿಯಲ್ಲಿ ಒಂದು ರಬ್ಬರ್ ಅಂಗಡಿಯ ಎದುರು ಜೀಪಿನಿಂದ ಶೀಟು ಇಳಿಸುತ್ತಿದ್ದರು. ಹೊಗೆಯಲ್ಲಿ ಒಣಗಿಸಿದ ರಬ್ಬರ್ ಶೀಟಿನ ವಾಸನೆಯನ್ನು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ಹುಳಿ ಬಂದ ಮೊಸರಿನ ಪಾತ್ರೆಯನ್ನು ಹೊಗೆ ತುಂಬಿದ ಬಚ್ಚಲಿನಲ್ಲಿ ಮರೆತುಬಿಟ್ಟ ಹಾಗೆ. ಯಜಮಾನರು ಮೂಗಿಗೆ ಕರ್ಚೀಫು ಹಿಡಿದರು. ನನಗೆ ಹಸಿವಾಯಿತು.

ಹಸಿವಾಗಲು ಕಾರಣವಿದೆ. ನಾಲ್ಕು ವರ್ಷದ ಹಿಂದಿನ ಮಳೆಗಾಲದಲ್ಲಿ ಇದೇ ವಾಸನೆಯ ನಡುವೆ ಕುಳಿತು ಆರು ವಾರ ಅಡುಗೆ ಮಾಡಿದ್ದೆ. ನನ್ನ ಜೀವಮಾನದಲ್ಲಿ ಅನ್ನವನ್ನು ಬದಿಗಿಟ್ಟು ಮಾಡಿದ ಒಂದೇ ಒಂದು ಅಡುಗೆ ಅದು.

ನಾನು ಕಲ್ಲುಗುಂಡಿಯ ಕುಶಾಲಪ್ಪ. ಮದುವೆ, ಮದರಂಗಿ, ಗೃಹಪ್ರವೇಶ, ಸತ್ತವರ ಬೊಜ್ಜ ಎಂದು ಇಪ್ಪತ್ತೈದು ವರ್ಷಗಳಿಂದ ಸುಳ್ಯ, ಪುತ್ತೂರು ಸುತ್ತ ಊಟದ ಕೆಲಸ ಮಾಡುತ್ತಿದ್ದೇನೆ. ನನ್ನ ಕೈಯಲ್ಲಿ ಸಾವಿರ ಜನಕ್ಕೆ ಅನ್ನ ಬೆಂದಿದೆ, ಮುದ್ದೆಯಾಗಿಲ್ಲ. ಆದರೆ ಜುಲೈ ನಡುವಿಗೆ ಆಟಿ ತಿಂಗಳು ಬಂತೆಂದರೆ ನಮ್ಮ ಕಡೆ ಶುಭಕಾರ್ಯಗಳಿಗೆ ರಜೆ. ಕಡಾಯಿಗಳು ಕೊಟ್ಟಿಗೆಯಲ್ಲಿ ಮಗುಚಿ ಕೂರುತ್ತವೆ. ನಾನು ಜಗಲಿಯಲ್ಲಿ ಕೂತು ಮಳೆ ನೋಡುತ್ತೇನೆ. ಮೂರನೇ ದಿನಕ್ಕೆ ಹೆಂಡತಿಗೂ ನನಗೂ ಸಣ್ಣಪುಟ್ಟದಕ್ಕೆಲ್ಲ ಜಗಳ ಸುರುವಾಗುತ್ತದೆ.

ಆ ವರ್ಷ ಆಟಿಗೆ ಹತ್ತು ದಿನ ಉಂಟೆನ್ನುವಾಗ ಗುತ್ತಿಗಾರಿನ ಪದ್ಮಯ್ಯ ಸುಬೇದಾರ್ರು ಕೊಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಿಲಿಟರಿಯಲ್ಲಿ ಜೂಡೋ ಆಡಿದವರು. ನಿವೃತ್ತಿಯಾಗಿ ಬಂದ ಮೇಲೆ ಊರಿನ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದರು. ಕಡಬದಲ್ಲಿ ಅವರ ಅಕ್ಕನ ಮನೆ, ಮನೆಯ ಪಕ್ಕ ಭಾವನವರ ರಬ್ಬರ್ ಗೋದಾಮು. ಅದರ ಅರ್ಧ ಭಾಗ ಖಾಲಿ ಮಾಡಿಸಿ, ದಪ್ಪ ಚಾಪೆ ಹಾಸಿ, ಕ್ಯಾಂಪು ನಡೆಸಲಿಕ್ಕೆ ಹೊರಟಿದ್ದರು. ನಾವಿಬ್ಬರೂ ಮಾತಾಡುವುದು ಅರೆಭಾಷೆ. ಇಲ್ಲಿ ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯುತ್ತೇನೆ.

"ಕುಶಾಲಣ್ಣ, ಏಳು ಮಂದಿ. ಆರು ವಾರ. ಅಡುಗೆ ನಿಮ್ಮದು. ಆದ್ರೆ ಅನ್ನ ಇಲ್ಲ."

"ಅನ್ನ ಬೇರೆ ಯಾರು ಮಾಡುದು?"

"ಯಾರೂ ಮಾಡುದಿಲ್ಲ. ಅನ್ನವೇ ಇಲ್ಲ. ಚಪಾತಿ ಇಲ್ಲ, ದೋಸೆ ಇಲ್ಲ, ಅವಲಕ್ಕಿ ಇಲ್ಲ, ಸಕ್ಕರೆ ಇಲ್ಲ, ಬೆಲ್ಲವೂ ಇಲ್ಲ."

"ಹಾಗಾದ್ರೆ ಅಡುಗೆಯವ ಎಂತಕ್ಕೆ ಮಾರಾಯ್ರೆ? ಒಬ್ಬ ಡಾಕ್ಟ್ರು ಸಾಕಲ್ಲ?"

ಸುಬೇದಾರ್ರು ನಗಲಿಲ್ಲ. "ನೆಲದಿಂದ ಬಂದದ್ದು, ಮರದಿಂದ ಬಂದದ್ದು, ನೀರಿನಿಂದ ಬಂದದ್ದು, ಕೋಳಿಯಿಂದ ಬಂದದ್ದು ಕೊಡಿ. ಕಾರ್ಖಾನೆಯಿಂದ ಬಂದದ್ದು ಬೇಡ. ಬಿಸ್ಕೆಟ್, ಡಬ್ಬದ ಪೌಡರ್ ಎಲ್ಲ ಗೇಟಿನ ಹೊರಗೆ. ಎರಡು ಗಂಟೆ ಪ್ರಾಕ್ಟೀಸ್ ಮಾಡಿದ್ರೂ ಮಕ್ಕಳು ಬಾಡ್ಬಾರ್ದು, ಆದ್ರೆ ತೂಕ ಇಳಿಬೇಕು. ಅಷ್ಟೇ."

ಆಮೇಲೆ ಸೆಲ್ವಿಯ ವಿಷಯ ಹೇಳಿದರು. ನಾನು ಒಪ್ಪಿಕೊಂಡದ್ದು ಅದನ್ನು ಕೇಳಿದ ಮೇಲೆಯೇ.

ಸೆಲ್ವಿಗೆ ಆಗ ಇಪ್ಪತ್ತು ವರ್ಷ. ಗುತ್ತಿಗಾರಿನ ಆಚೆಯ ರಬ್ಬರ್ ಕಾಲೊನಿಯವಳು. ಅವಳ ಅಜ್ಜ ಅಜ್ಜಿ ಸಿಲೋನಿನಿಂದ ಬಂದು ಇಲ್ಲಿ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸಕ್ಕೆ ಸೇರಿದ ತಮಿಳರು. ಅಪ್ಪ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ರಬ್ಬರ್ ಹಾಲು ತುಂಬಿದ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಗುಡ್ಡ ಇಳಿಯುವ ಹುಡುಗಿಯನ್ನು ಸುಬೇದಾರ್ರು ಒಂದು ಬೆಳಿಗ್ಗೆ ನೋಡಿದರಂತೆ. ಜಾರುವ ಮಣ್ಣಿನಲ್ಲಿ ಒಂದು ಹನಿ ಚೆಲ್ಲದೆ ಇಳಿದಳಂತೆ. ಆವತ್ತೇ ಮನೆಗೆ ಹೋಗಿ ಕೇಳಿ ಕರೆದುಕೊಂಡು ಬಂದರು.

ಜೂಡೋದಲ್ಲಿ ತೂಕದ ಲೆಕ್ಕ ಉಂಟು. ಐವತ್ತೆರಡು ಕೆಜಿಯವರು ಐವತ್ತೆರಡರವರ ಜೊತೆ, ಐವತ್ತೇಳರವರು ಐವತ್ತೇಳರವರ ಜೊತೆ ಆಡಬೇಕು. ಸೆಲ್ವಿ ಇವೆರಡರ ನಡುವೆ ಸಿಕ್ಕಿಬಿದ್ದವಳು. ಹಿಂದಿನ ವರ್ಷ ರಾಜ್ಯ ತಂಡದ ಆಯ್ಕೆಗೆ ಹೋದಾಗ, ಐವತ್ತೆರಡಕ್ಕೆ ಇಳಿಯಬೇಕೆಂದು ಎರಡು ದಿನ ಏನೂ ತಿನ್ನದೆ, ನೀರೂ ಕುಡಿಯದೆ, ಮಳೆಕೋಟು ಹಾಕಿಕೊಂಡು ಓಡಿ ಬೆವರು ಹರಿಸಿದ್ದಳು. ಸುಬೇದಾರ್ರಿಗೆ ಹೇಳದೆ, ಯಾರೋ ಕಲಿಸಿಕೊಟ್ಟದ್ದನ್ನು ಕೇಳಿ ಮಾಡಿದ್ದು. ತೂಕ ಸರಿಯಾಯಿತು. ಮೊದಲ ಪಂದ್ಯದಲ್ಲಿ ನಮಸ್ಕಾರ ಮಾಡಲು ಬಗ್ಗಿದವಳು ಹಾಗೆಯೇ ಬಿದ್ದಳು. ಎದುರಾಳಿ ಮುಟ್ಟಿಯೂ ಇರಲಿಲ್ಲ.

"ಈ ಸಲ ಹಾಗೆ ಆದ್ರೆ ನಾನು ಕಲಿಸುದೇ ಬಿಡ್ತೇನೆ," ಎಂದರು ಸುಬೇದಾರ್ರು.

ಕಡಬಕ್ಕೆ ಹೋದೆ. ಗೋದಾಮಿನ ಹಿಂದೆ ತಗಡಿನ ಮಾಡು, ಎರಡು ಗ್ಯಾಸ್ ಒಲೆ, ಒಂದು ಸೌದೆ ಒಲೆ. ಗೋಡೆಯ ಆಚೆ ಬದಿ ಶೀಟಿನ ರಾಶಿ, ಈಚೆ ಬದಿ ಧೊಪ್ಪ ಧೊಪ್ಪ ಎಂದು ಜನ ಬೀಳುವ ಶಬ್ದ. ಮಾಡಿನ ಮೇಲೆ ಮಳೆ. ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಹುಡುಗರು ನಾಲ್ವರು ಗೋದಾಮಿನ ಅಟ್ಟದಲ್ಲಿ, ಹುಡುಗಿಯರು ಮೂವರು ಸುಬೇದಾರ್ರ ಅಕ್ಕನ ಮನೆಯಲ್ಲಿ.

ಮೊದಲ ದಿನ ಮಧ್ಯಾಹ್ನ ತಟ್ಟೆ ಹಾಕಿದೆ. ಹರಿವೆ ಸೊಪ್ಪಿನ ಪಲ್ಯ, ತೊಂಡೆಕಾಯಿ, ಕೋಳಿ ಸುಕ್ಕ, ಒಂದೆಲಗದ ಚಟ್ನಿ, ಮಜ್ಜಿಗೆ. ಎಲ್ಲ ಬಡಿಸಿ ಆಯಿತು. ನನ್ನ ಬಲಗೈ ಸುಮ್ಮನೆ ಗಾಳಿಯಲ್ಲಿ ನಿಂತಿತು. ಇಪ್ಪತ್ತೈದು ವರ್ಷ ಆ ಹೊತ್ತಿಗೆ ಅನ್ನದ ಸಟ್ಟುಗ ಹಿಡಿದ ಕೈ. ಏಳು ಮಂದಿಯೂ ತಟ್ಟೆಯ ನಡುವಿನ ಖಾಲಿ ಜಾಗವನ್ನೇ ನೋಡುತ್ತಿದ್ದರು.

"ಕುಶಾಲಣ್ಣ, ಇದು ಉಪ್ಪಿನಕಾಯಿ ಬಡಿಸಿ ಊಟ ಮರೆತ ಹಾಗೆ ಆಯ್ತು," ಎಂದಳು ಸೆಲ್ವಿ. ಅದು ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಖಾಲಿ ಜಾಗ ನನಗೆ ಅವಮಾನದ ಹಾಗೆ ಕಂಡಿತು.

ಅದನ್ನು ತುಂಬಲಿಕ್ಕೆ ಏನೆಲ್ಲ ಮಾಡಿದೆ! ಆಟಿಯಲ್ಲಿ ಕೆಸುವಿನ ಎಲೆಗೆ ಬರವಿಲ್ಲ, ಅಕ್ಕಿ ಹಾಕದೆ ಪತ್ರೊಡೆ ಮಾಡುತ್ತೇನೆಂದು ಹೊರಟೆ. ತೆಂಗಿನಕಾಯಿ, ಮೊಟ್ಟೆ, ಮಸಾಲೆ ಅರೆದು ಎಲೆಗೆ ಸವರಿ ಸುತ್ತಿ ಬೇಯಿಸಿದೆ. ಮುಚ್ಚಳ ತೆಗೆದರೆ ಪತ್ರೊಡೆ ಇಲ್ಲ. ಹಸಿರು ಗಸಿ ಒಂದು ಉಂಟು. ಅದನ್ನೇ ಲೋಟಕ್ಕೆ ಹಾಕಿ "ಕೆಸುವಿನ ಸೂಪು" ಎಂದು ಕೊಟ್ಟೆ. ಯಾರೂ ಎರಡನೇ ಸಲ ಕೇಳಲಿಲ್ಲ.

ಕಳ್ಳತನವೂ ಸುರುವಾಯಿತು. ಒಬ್ಬ ಹುಡುಗನ ದಿಂಬಿನ ಒಳಗೆ ಗ್ಲೂಕೋಸ್ ಬಿಸ್ಕೆಟ್ ಸಿಕ್ಕಿತು. ಸುಬೇದಾರ್ರು ಅವನಿಗೆ ಐವತ್ತು ದಂಡ ಹೊಡೆಸಿದರು. ಮರುದಿನ ಸಂಜೆ ನಾನು ಸೊಪ್ಪು ತರಲು ಪೇಟೆಗೆ ಹೋದಾಗ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಒಳಗಿನ ಮೂಲೆಯಲ್ಲಿ, ಗೋಡೆಯ ಕಡೆ ಮುಖ ಮಾಡಿ ಒಬ್ಬರು ಗೋಳಿಬಜೆ ತಿನ್ನುತ್ತಿದ್ದರು. ನೇರವಾಗಿ ಸೆಟೆದ ಬೆನ್ನು ನೋಡಿಯೇ ಗುರುತು ಸಿಕ್ಕಿತು.

"ಸುಬೇದಾರ್ರೆ, ದಂಡ ಎಷ್ಟು ಹೊಡೀತೀರಿ?"

ಅವರ ಬಾಯಿ ತುಂಬ ಬಜೆ. ನುಂಗಿ ಹೇಳಿದರು, "ನಾನು ಫೈಟ್ ಮಾಡುದಿಲ್ಲ ಅಲ್ವಾ ಕುಶಾಲಣ್ಣ." ಪಕ್ಕದ ಕುರ್ಚಿ ಎಳೆದು, "ಕೂತ್ಕೊಳ್ಳಿ, ನಿಮಗೂ ಒಂದು ಪ್ಲೇಟ್ ಹೇಳ್ತೇನೆ," ಎಂದರು. ಕೂತೆ. ಆ ವಿಷಯ ಇಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ.

ಆಮೇಲೆ ನಾನು ಕ್ಯಾಬೇಜನ್ನು ಸಣ್ಣಗೆ, ಅಕ್ಕಿಯ ಗಾತ್ರಕ್ಕೆ ತುರಿದು, ಸ್ವಲ್ಪ ಬೇಯಿಸಿ, ಹಿಂಡಿ, ತಟ್ಟೆಯ ನಡುವೆ ರಾಶಿ ಹಾಕಲು ಕಲಿತೆ. ದೂರದಿಂದ ನೋಡಿದರೆ ಅನ್ನವೇ. ಸಾರು ಹಾಕಿ ಕಲಸಬಹುದು. ಮಕ್ಕಳು ಅದಕ್ಕೆ "ಸುಳ್ಳನ್ನ" ಎಂದು ಹೆಸರಿಟ್ಟರು. ನನ್ನ ಕೈಗೆ ಸ್ವಲ್ಪ ಸಮಾಧಾನವಾಯಿತು.

ಒಂಬತ್ತನೇ ದಿನ ಸೆಲ್ವಿ ಬಿದ್ದಳು.

ಪ್ರಾಕ್ಟೀಸಿನ ನಡುವೆ ಒಬ್ಬಳನ್ನು ಎತ್ತಿ ಹಾಕಲು ಹೋದವಳು ಅರ್ಧಕ್ಕೆ ನಿಂತು, ಮೊಣಕಾಲೂರಿ, ಮತ್ತೆ ಏಳಲಿಲ್ಲ. ತಲೆನೋವು, ಕಣ್ಣು ಕತ್ತಲೆ, ಕೈಕಾಲಿನಲ್ಲಿ ಬಲವಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಉಳಿದವರೂ ಎರಡು ದಿನದಿಂದ ತಲೆನೋವು ಎನ್ನುತ್ತಿದ್ದರು. ಬಿಸ್ಕೆಟಿಗೆ ನೆಪ ಎಂದುಕೊಂಡಿದ್ದೆವು. ಸುಬೇದಾರ್ರು ಚಾಪೆಯ ಅಂಚಿನಲ್ಲಿ ಕಲ್ಲಿನ ಹಾಗೆ ನಿಂತಿದ್ದರು. ಹಿಂದಿನ ವರ್ಷದ್ದು ಅವರ ಕಣ್ಣ ಮುಂದೆ ಬಂದಿರಬೇಕು. ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ತಿನ್ನಿಸುವವನು ನಾನು. ಬಿದ್ದವಳು ನನ್ನ ಊಟ ಉಂಡು ಬಿದ್ದವಳು. ನನ್ನ ಪಂಕ್ತಿಯಿಂದ ಹಸಿದು ಎದ್ದವರು ಯಾರೂ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನೇ.

ಸುಳ್ಯದಲ್ಲಿ ಸುಬೇದಾರ್ರ ಪರಿಚಯದ ಒಬ್ಬ ಡಾಕ್ಟರಮ್ಮ ಇದ್ದರು. ಕಾಲೇಜಿನಲ್ಲಿ ಓಟಗಾರ್ತಿಯಾಗಿದ್ದವರು. ಸೆಲ್ವಿಯನ್ನು ಜೀಪಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ, ನಮ್ಮಿಬ್ಬರನ್ನೂ ಎದುರು ಕೂರಿಸಿ, ಒಂದು ದಿನಕ್ಕೆ ಎಂತೆಲ್ಲ ಕೊಟ್ಟಿರಿ ಎಂದು ಕೇಳಿದರು. ನಾನು ಒಂದೊಂದಾಗಿ ಹೇಳಿದೆ.

"ಎಣ್ಣೆ?"

"ಕಡಿಮೆ ಹಾಕ್ತೇನೆ ಅಮ್ಮ. ತೂಕ ಇಳಿಬೇಕಲ್ಲ."

"ಉಪ್ಪು?"

"ಅದೂ ಕಡಿಮೆ."

ಡಾಕ್ಟರಮ್ಮ ಪೆನ್ನು ಮೇಜಿನ ಮೇಲೆ ಹಾಕಿದರು. "ಅನ್ನ ತೆಗೆದ್ರಿ. ಅದರ ಜಾಗದಲ್ಲಿ ಎಂತ ಇಟ್ರಿ? ಕ್ಯಾಬೇಜಾ? ಅಲ್ಲ ಮಾರಾಯ್ರೆ, ಸೌದೆ ಒಲೆಯಿಂದ ಸೌದೆ ಎಳೆದು, ಗ್ಯಾಸೂ ಹಚ್ಚದಿದ್ರೆ ನಿಮ್ಮ ಪಾಯಸ ಬೇಯ್ತದಾ? ಅನ್ನ ಬಿಟ್ಟ ಸುರುವಿಗೆ ಮೈಯಿಂದ ನೀರು ಇಳಿದು ಹೋಗ್ತದೆ, ಅದರ ಜೊತೆ ಉಪ್ಪೂ ಹೋಗ್ತದೆ. ಅದ್ರ ಮೇಲೆ ಎರಡು ಹೊತ್ತು ಬೆವರು. ಉಪ್ಪು ಹಾಕಿ. ತುಪ್ಪ, ತೆಂಗಿನಕಾಯಿ, ಮೊಟ್ಟೆ, ಮೀನು, ಹೊಟ್ಟೆ ತುಂಬ ಕೊಡಿ. ಜೋರು ಪ್ರಾಕ್ಟೀಸಿನ ದಿನ ಬೇಯಿಸಿದ ಗೆಣಸು ಎರಡು ಕೊಡಿ, ಅದರಿಂದ ಆಕಾಶ ಬೀಳುದಿಲ್ಲ. ಇದು ಉಪವಾಸದ ಕ್ಯಾಂಪಲ್ಲ." ಆಮೇಲೆ ಸುಬೇದಾರ್ರ ಕಡೆ ತಿರುಗಿದರು. "ಹದಿನೆಂಟು ಆಗದವರು ಯಾರಾದ್ರೂ ಉಂಟಾ?"

"ಇಬ್ರು."

"ಅವರಿಗೆ ಇವತ್ತಿನಿಂದ ಅನ್ನ. ಬೆಳೆಯುವ ಮಕ್ಕಳ ಮೇಲೆ ಪ್ರಯೋಗ ಮಾಡ್ಬೇಡಿ."

ಮಿಲಿಟರಿಯಲ್ಲಿ ಇದ್ದಷ್ಟು ಕಾಲ ಸುಬೇದಾರ್ರು ಹೀಗೆ ಬೈಸಿಕೊಂಡದ್ದು ಅನುಮಾನ. "ಸರಿ ಮೇಡಂ," ಎಂದರು. ನಾನೂ ಎಂದೆ.

ಮರುದಿನ ಮಧ್ಯಾಹ್ನ ಸೆಲ್ವಿಯ ತಾಯಿ ಬಂದಳು. ಯಾರೋ ಫೋನ್ ಮಾಡಿ ಹೇಳಿದ್ದರು. ವಳ್ಳಿಯಮ್ಮ ಎಂದು ಹೆಸರು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಗುತ್ತಿಗಾರಿನಿಂದ ಎರಡು ಬಸ್ಸು ಬದಲಿಸಿ, ಸೊಂಟದ ತನಕ ನೆನೆದು, ಸೀದಾ ಊಟದ ಜಾಗಕ್ಕೇ ಬಂದಳು. ಮಗಳು ತಟ್ಟೆಯ ಮುಂದೆ ಕೂತಿದ್ದಳು. ತಟ್ಟೆಯ ನಡುವೆ ಬೆಳ್ಳಗಿನ ರಾಶಿ. ಅದನ್ನು ನೋಡಿ ಇಳಿದಿದ್ದ ತಾಯಿಯ ಮುಖ ಅರಳಿತು.

"ಅನ್ನ ಕೊಡುದಿಲ್ಲ ಅಂತ ಹೇಳಿದ್ರು ನನ್ನ ಹತ್ರ. ಸುಳ್ಳು ಹೇಳಿದ್ದು," ಎಂದು ನನ್ನ ಕಡೆ ನೋಡಿ ನಕ್ಕಳು. ಹತ್ತಿರ ಬಗ್ಗಿ, ಮಗಳಿಗೆ ತುತ್ತು ಕೊಡಲು ಆ ರಾಶಿಗೆ ಕೈ ಹಾಕಿದಳು. ಬೆರಳಿಗೆ ಗೊತ್ತಾಯಿತು. ಕೈ ಹಾಗೆಯೇ ನಿಂತಿತು.

"ಇದು ಎಂತ?"

ನಾನೇ ಹೇಳಬೇಕಾಯಿತು. "ಕ್ಯಾಬೇಜು ಅಕ್ಕ."

ಅವಳು ಸಿಟ್ಟು ಮಾಡುತ್ತಾಳೆ ಎಂದು ಕಾದೆ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಕೈ ಒರೆಸಿಕೊಂಡು ನಿಧಾನಕ್ಕೆ ಹೇಳಿದಳು. "ನಾನು ಸಣ್ಣದಿರುವಾಗ ಕಾಲೊನಿಯಲ್ಲಿ ಅಕ್ಕಿ ಇಲ್ಲದ ಮಳೆಗಾಲ ಇತ್ತು ಅಣ್ಣಾ. ಮೂರು ಹೊತ್ತೂ ಮರಗೆಣಸು. ಅಪ್ಪ ಅನ್ನ ಅನ್ನ ಅಂತ ಕನಸಲ್ಲಿ ಮಾತಾಡ್ತಿದ್ದ. ಈಗ ಮನೆಯಲ್ಲಿ ಅಕ್ಕಿ ಡ್ರಮ್ಮು ತುಂಬ ಉಂಟು. ಇರುವಾಗ ಬೇಡ ಅನ್ನುದು ಎಂತಕ್ಕೆ?"

ಸುಬೇದಾರ್ರು ನೆಲ ನೋಡಿದರು. ಸೆಲ್ವಿ ತಾಯಿಯ ಸೆರಗು ಹಿಡಿದು ತಮಿಳಿನಲ್ಲಿ ಏನೋ ಹೇಳಿದಳು. ನನಗೆ ಅರ್ಧ ಅರ್ಥವಾಯಿತು. ಹೋದ ವರ್ಷ ಹಸಿದು ಬಿದ್ದ ನಾಚಿಕೆ ಇನ್ನೂ ಹೋಗಿಲ್ಲ, ಈ ಸಲ ತಿಂದು ಗೆಲ್ಲಬೇಕು, ಆರು ವಾರ ಮಾತ್ರ, ಅಮ್ಮ ಸಿಟ್ಟು ಮಾಡಬಾರದು.

ವಳ್ಳಿಯಮ್ಮ ಬಹಳ ಹೊತ್ತು ಮಗಳ ಮುಖ ನೋಡಿದಳು. ಆಮೇಲೆ ನನ್ನ ಅಡುಗೆ ಕೋಣೆಗೆ ಹೋಗಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡಿದಳು. ಡಾಕ್ಟರಮ್ಮ ಹೇಳಿದ ಮೇಲೂ ನನ್ನ ಕೈ ಹಿಡಿತ ಬಿಟ್ಟಿರಲಿಲ್ಲ. "ಇದರಲ್ಲಿ ಉಪ್ಪಿಲ್ಲ. ಇದರಲ್ಲಿ ಎಣ್ಣೆ ಇಲ್ಲ. ಇದರಲ್ಲಿ ಎಂತದೂ ಇಲ್ಲ." ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಮಳೆಗೆ ಟ್ಯಾಪಿಂಗ್ ಇಲ್ಲ. ನಾನು ಇಲ್ಲೇ ಇರ್ತೇನೆ. ಅನ್ನ ಬೇಡ ಅಂದ್ರೆ ಬೇಡ. ಆದ್ರೆ ಹೊಟ್ಟೆ ತುಂಬ್ಬೇಕು."

ನನ್ನ ಅಡುಗೆಯಲ್ಲಿ ಇನ್ನೊಬ್ಬರು ಕೈ ಹಾಕುವುದನ್ನು ನಾನು ಯಾವತ್ತೂ ಸಹಿಸಿದವನಲ್ಲ. ಆವತ್ತು ಮಣೆ ಸರಿಸಿ ಜಾಗ ಕೊಟ್ಟೆ.

ಅಲ್ಲಿಂದ ಆಚೆಗಿನ ನಾಲ್ಕೂವರೆ ವಾರ ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಸೇರುತ್ತವೆ. ವಳ್ಳಿಯಕ್ಕ ಒಣಮೀನು ಹಾಕಿ ಹುಣಸೆಹುಳಿಯ ಗೊಜ್ಜು ಕಾಯಿಸುತ್ತಿದ್ದಳು. ಆ ವಾಸನೆಗೆ ರಬ್ಬರ್ ಶೀಟಿನ ವಾಸನೆಯೂ ಸೋತು ಹಿಂದೆ ಸರಿಯುತ್ತಿತ್ತು. ನಾನು ಕಣಿಲೆಯನ್ನು, ಎಂದರೆ ಎಳೆ ಬಿದಿರನ್ನು, ನೀರು ಬದಲಿಸಿ ಬದಲಿಸಿ ಮೂರು ದಿನ ನೆನೆಸಿ, ತೆಂಗಿನಕಾಯಿ ಅರೆದು ಹಾಕಿ ಗಸಿ ಮಾಡಿದೆ. ಗುಡ್ಡದಲ್ಲಿ ಅಣಬೆ ಎದ್ದ ದಿನ ತುಪ್ಪದಲ್ಲಿ ಹುರಿದೆ. ಬಸಳೆಗೆ ಒಣ ಸಿಗಡಿ, ನುಗ್ಗೆಸೊಪ್ಪಿಗೆ ಮೊಟ್ಟೆ, ಪ್ರಾಕ್ಟೀಸ್ ಮುಗಿದ ತಕ್ಷಣ ದೊಡ್ಡ ಲೋಟದಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಕೋಳಿಯ ಎಲುಬು ಬೇಯಿಸಿದ ಸಾರು ಒಲೆಯ ಮೇಲೆ ಯಾವಾಗಲೂ ಇರುತ್ತಿತ್ತು, ಬೇಕಾದವರು ಬಂದು ಕುಡಿಯುವುದು. ಜೋರು ಪ್ರಾಕ್ಟೀಸಿನ ದಿನ ಕೆಂಡದಲ್ಲಿ ಸುಟ್ಟ ಗೆಣಸು. ಆ ದಿನ ಹುಡುಗರು ಬೆಳಿಗ್ಗೆಯಿಂದಲೇ ಒಲೆಯ ಸುತ್ತ ಸುತ್ತುತ್ತಿದ್ದರು. ಹಿಂದೆ ಅದೇ ಗೆಣಸನ್ನು ಅವರು ಮೂಸಿಯೂ ನೋಡಿರಲಿಕ್ಕಿಲ್ಲ.

ಹದಿನೆಂಟು ಆಗದ ಇಬ್ಬರಿಗೆ ಕುಚ್ಚಲಕ್ಕಿ ಅನ್ನ ಬಡಿಸುವಾಗ ಉಳಿದ ಐವರು ನೋಡುವ ನೋಟ ಒಂದಿತ್ತು! ಅವರಿಬ್ಬರಿಗೂ ನಾಚಿಕೆಯಾಗಿ ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು. ಆ ಅನ್ನವನ್ನು ವಳ್ಳಿಯಕ್ಕನೇ ಬಡಿಸಬೇಕು. ನನಗೆ ಸಟ್ಟುಗ ಮುಟ್ಟಲು ಬಿಡುತ್ತಿರಲಿಲ್ಲ.

ನಾನೂ ಅವರ ಜೊತೆ ಅದನ್ನೇ ತಿಂದೆ. ಮೊದಲ ವಾರ ಕನಸಿನಲ್ಲಿ ಹೋಳಿಗೆ ಕಂಡಿತು. ಮೂರನೇ ವಾರ ಕುಳಿತಲ್ಲಿಂದ ಏಳುವಾಗ "ಅಯ್ಯೋ ದೇವರೇ" ಎನ್ನುವುದನ್ನು ಮರೆತಿದ್ದೆ. ನಾಲ್ಕನೇ ವಾರ ಬೆಲ್ಟಿಗೆ ಹೊಸ ತೂತು ಮಾಡಿಸಿದೆ. ನೋಡಲು ಬಂದ ಹೆಂಡತಿ, "ಸಪೂರ ಆಗಿದ್ದೀರಿ, ಹುಷಾರುಂಟಾ?" ಎಂದು ಕೇಳಿದಳು. ಇಪ್ಪತ್ತು ವರ್ಷದಿಂದ ಅವಳು ನನ್ನ ಹತ್ತಿರ ಅಷ್ಟು ಮೆತ್ತಗೆ ಮಾತಾಡಿದ್ದು ನೆನಪಿಲ್ಲ.

ಸೆಲ್ವಿ ಎದ್ದು ನಿಂತಳು. ತಲೆನೋವು ನಾಲ್ಕೇ ದಿನಕ್ಕೆ ಹೋಯಿತು. ದಿನಾ ಬೆಳಿಗ್ಗೆ ರಬ್ಬರ್ ತೂಗುವ ತಕ್ಕಡಿಯ ಮೇಲೆ ನಿಲ್ಲುತ್ತಿದ್ದಳು. ಮುಳ್ಳು ಸ್ವಲ್ಪ ಸ್ವಲ್ಪ ಕೆಳಗೆ ಬರುತ್ತಿತ್ತು, ಒಂದೇ ಸಲ ಬೀಳುತ್ತಿರಲಿಲ್ಲ. ಹಿಂದೆ ಮೂರನೇ ಸುತ್ತಿಗೆ ಬಾಯಿ ಬಿಡುತ್ತಿದ್ದವಳು ಈಗ ಒಬ್ಬರಾದ ಮೇಲೆ ಒಬ್ಬರು ಎದುರು ಬಂದರೂ ನಿಲ್ಲುತ್ತಿರಲಿಲ್ಲ. ದೊಡ್ಡ ಹುಡುಗರೇ ಕೈ ಮುಗಿದು ಹೊರಗೆ ಹೋಗುತ್ತಿದ್ದರು. ಕೊನೆಯ ವಾರಗಳಲ್ಲಿ ಮೀನುಗಾರಿಕೆಯ ಮಳೆಗಾಲದ ರಜೆ ಮುಗಿದು ಕಡಲಿಗೆ ಬೋಟು ಇಳಿಯಿತು. ಬಂಗುಡೆ ಬಂತು. ಆ ದಿನ ವಳ್ಳಿಯಕ್ಕ ಒಂದು ಕಡೆ ಸಾರು, ನಾನು ಇನ್ನೊಂದು ಕಡೆ ತೆಂಗಿನೆಣ್ಣೆಯಲ್ಲಿ ಹುರಿದದ್ದು. ಯಾರದ್ದು ಮೊದಲು ಖಾಲಿಯಾಗುತ್ತದೆ ಎಂದು ಪಂಥ. ನಾನು ಸೋತೆ.

ಆಯ್ಕೆ ಪಂದ್ಯ ಮೈಸೂರಿನಲ್ಲಿ. ಸಂಪಾಜೆ ಘಾಟಿ ಹತ್ತಿ ಎಲ್ಲರೂ ಬಸ್ಸಿನಲ್ಲಿ ಹೋದೆವು. ಎರಡು ಚೀಲ ತುಂಬ ಬೇಯಿಸಿದ ಮೊಟ್ಟೆ, ಹುರಿದ ಕೋಳಿ, ತೆಂಗಿನಕಾಯಿ ಚೂರು ಇಟ್ಟುಕೊಂಡಿದ್ದೆ. ವಳ್ಳಿಯಕ್ಕನ ಚೀಲದಲ್ಲಿ ಒಂದು ದೊಡ್ಡ ಫ್ಲಾಸ್ಕು ಇತ್ತು. ಅದೆಂತ ಎಂದು ಕೇಳಿದರೆ, "ಡಾಕ್ಟರಮ್ಮನ ಹತ್ರ ಕೇಳಿದ್ದೇನೆ," ಎಂದು ಮಾತ್ರ ಹೇಳಿದಳು.

ತೂಕ ನೋಡುವುದು ಬೆಳಿಗ್ಗೆ. ಹೊರಗಿನ ಅಂಗಳದಲ್ಲಿ ಬೇರೆ ಊರಿನ ಹುಡುಗಿಯೊಬ್ಬಳು ದಪ್ಪ ಮಳೆಕೋಟು ಹಾಕಿಕೊಂಡು ಓಡುತ್ತಿದ್ದಳು. ಮಳೆ ಇರಲಿಲ್ಲ. ತೂಕ ಇನ್ನೂ ಸ್ವಲ್ಪ ಇಳಿಯಲೆಂದು ಮಧ್ಯೆ ನಿಂತು ಬಾಟಲಿಗೆ ಉಗುಳುತ್ತಿದ್ದಳು. ಸೆಲ್ವಿ ಅವಳನ್ನು ನೋಡಿದಳು, ಆಮೇಲೆ ನೋಡಲಿಲ್ಲ. ಒಳಗೆ ಹೋಗಿ ತೂಕದ ಮೇಲೆ ನಿಂತು ಹೊರಗೆ ಬಂದಳು. ಐವತ್ತೊಂದು ಮುಕ್ಕಾಲು. ಬೆಳಿಗ್ಗೆ ಎರಡು ಮೊಟ್ಟೆ ತಿಂದು, ನೀರು ಕುಡಿದು ಬಂದವಳು!

ಸುಬೇದಾರ್ರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿದರು.

ಆಗ ವಳ್ಳಿಯಕ್ಕ ಫ್ಲಾಸ್ಕು ತೆರೆದಳು. ಕುಚ್ಚಲಕ್ಕಿ ಗಂಜಿ. ಲಾಡ್ಜಿನ ಅಡುಗೆಯವರನ್ನು ಹೇಗೋ ಒಲಿಸಿ ಮುಂಜಾನೆ ಬೇಯಿಸಿಕೊಂಡಿದ್ದಳು. "ತೂಕ ಆಯ್ತಲ್ಲ. ಇನ್ನು ಸ್ವಲ್ಪ ಕುಡಿಬಹುದಂತೆ." ಮಗಳು ಫ್ಲಾಸ್ಕಿನ ಮುಚ್ಚಳದಲ್ಲಿ ಒಂದು ಸಲ, ಇನ್ನೊಂದು ಸಲ ಕುಡಿದಳು. ಕುಡಿಯುವಾಗ ಕಣ್ಣು ಮುಚ್ಚಿದ್ದಳು.

ಮೊದಲ ಪಂದ್ಯ ಒಂದು ನಿಮಿಷಕ್ಕೆ ಮುಗಿಯಿತು. ಎದುರಿನವಳು ಬೆನ್ನಿನ ಮೇಲೆ ಬಿದ್ದ ಶಬ್ದಕ್ಕೆ ನಾನು ಕುರ್ಚಿಯಿಂದ ಎದ್ದೆ. ಎರಡನೆಯದು ಉದ್ದಕ್ಕೆ ಎಳೆಯಿತು. ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಸೆಲ್ವಿಯ ಉಸಿರು ನೋಡಬೇಕಿತ್ತು. ಗುಡ್ಡ ಇಳಿಯುವಾಗ ಹೇಗೋ ಹಾಗೆ. ಎದುರಿನವಳ ಕೈ ಸಡಿಲವಾಗುವ ತನಕ ಕಾದು, ಕಾಲು ಕೊಟ್ಟು ಕೆಡವಿದಳು.

ಕೊನೆಯ ಪಂದ್ಯದಲ್ಲಿ ಎದುರು ಬಂದವಳು ಬೆಳಿಗ್ಗೆ ಮಳೆಕೋಟಿನಲ್ಲಿ ಓಡುತ್ತಿದ್ದವಳೇ. ಒಳ್ಳೆಯ ಆಟಗಾರ್ತಿ. ತನಗೆ ಹೆಚ್ಚು ಹೊತ್ತು ಇಲ್ಲವೆಂದು ಗೊತ್ತಿದ್ದವಳ ಹಾಗೆ ಸುರುವಿನಲ್ಲೇ ನುಗ್ಗಿ ಸೆಲ್ವಿಯನ್ನು ಒಂದು ಬದಿಗೆ ಬೀಳಿಸಿ ಅರ್ಧ ಪಾಯಿಂಟು ತೆಗೆದುಕೊಂಡಳು. ಆಮೇಲೆ ಮೂರು ನಿಮಿಷ ಪೂರ್ತಿ ಸೆಲ್ವಿಯದೇ. ಎಳೆದಳು, ತಳ್ಳಿದಳು, ಚಾಪೆಯ ಅಂಚಿನ ತನಕ ಅಟ್ಟಿಕೊಂಡು ಹೋದಳು. ಆ ಹುಡುಗಿ ತಪ್ಪಿಸಿಕೊಳ್ಳುತ್ತ, ತಪ್ಪಿಸಿಕೊಳ್ಳುತ್ತ ಎರಡು ಸಲ ಎಚ್ಚರಿಕೆ ಪಡೆದಳು. ಮೂರನೆಯದು ಸಿಕ್ಕಿದ್ದರೆ ಸೋಲು. ವಳ್ಳಿಯಕ್ಕ ಜೂಡೋ ನೋಡಿದ್ದು ಅದೇ ಮೊದಲು. ನನ್ನ ತೋಳನ್ನು ಹಿಡಿದಿದ್ದಳು. ಆ ಗುರುತು ನಾಲ್ಕು ದಿನ ಇತ್ತು. ಗಂಟೆ ಬಾರಿಸಿದರು. ಹೊತ್ತು ಮುಗಿದಿತ್ತು. ಅರ್ಧ ಪಾಯಿಂಟಿನಿಂದ ಸೆಲ್ವಿ ಸೋತಳು.

ಎರಡನೆಯವಳಾಗಿ ಅವಳು ತಂಡದ ಮೀಸಲು ಪಟ್ಟಿಗೆ ಸೇರಿದಳು. ಮರುವರ್ಷ ಅವಳೇ ಸುಬೇದಾರ್ರಿಗೆ, "ಸರ್, ಇನ್ನು ತೂಕ ಇಳಿಸುದು ಬೇಡ, ನಾನು ಬಲ ಏರಿಸ್ತೇನೆ," ಎಂದು ಹೇಳಿ ಐವತ್ತೇಳಕ್ಕೆ ಹೋದಳು. ಮಧ್ಯಾಹ್ನ ಒಂದು ಹಿಡಿ ಅನ್ನ ಉಂಡು, ಉಳಿದದ್ದೆಲ್ಲ ಆ ಕ್ಯಾಂಪಿನ ಹಾಗೆಯೇ ತಿಂದು, ಅಲ್ಲಿ ಗೆದ್ದು, ತಂಡದ ಅಂಗಿ ಹಾಕಿದಳು. ಈಗ ಪುತ್ತೂರಿನಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಬಿಸ್ಕೆಟ್ ತಂದವರಿಗೆ ದಂಡ ಹೊಡೆಸುತ್ತಾಳಂತೆ.

ಆದರೆ ಆ ದಿನ ನಡೆದದ್ದು ಇನ್ನೂ ಸ್ವಲ್ಪ ಉಂಟು.

ಪಂದ್ಯ ಮುಗಿದು ನಮಸ್ಕಾರ ಮಾಡಿ ಇಬ್ಬರೂ ಹೊರಗೆ ಬಂದರು. ಸೆಲ್ವಿ ನಮ್ಮ ಹತ್ತಿರ ಬಂದು ಟವಲಿನಲ್ಲಿ ಮುಖ ಮುಚ್ಚಿ ಕೂತಳು. ಗೆದ್ದ ಹುಡುಗಿ ಎದುರು ಗೋಡೆಗೆ ಒರಗಿ ಕೂತಿದ್ದಳು. ಅವಳ ತುಟಿ ಒಣಗಿ ಬಿರಿದಿತ್ತು. ಕಾಲಿಗೆ ಸೆಳೆತ ಬಂದು ಹಲ್ಲು ಕಚ್ಚಿ ಹಿಡಿದುಕೊಂಡಿದ್ದಳು. ಅವಳ ಕೋಚು ಮೇಜಿನ ಹತ್ತಿರ ಕಾಗದಕ್ಕೆ ಸಹಿ ಹಾಕುತ್ತಿದ್ದರು. ಗೆದ್ದವಳ ಹತ್ತಿರ ಯಾರೂ ಇರಲಿಲ್ಲ.

ವಳ್ಳಿಯಕ್ಕ ನನ್ನ ತೋಳು ಬಿಟ್ಟು ಎದ್ದಳು. ಸೀದಾ ಆ ಹುಡುಗಿಯ ಕಡೆ ನಡೆದಳು. ಬೈಯಲು ಹೋಗುತ್ತಿದ್ದಾಳೆ ಎಂದು ನನಗೂ ಸುಬೇದಾರ್ರಿಗೂ ಹೆದರಿಕೆಯಾಗಿ ಇಬ್ಬರೂ ಹಿಂದೆಯೇ ಓಡಿದೆವು. ಅವಳು ಆ ಹುಡುಗಿಯ ಮುಂದೆ ನೆಲದಲ್ಲಿ ಕೂತು, ಚೀಲದಿಂದ ಫ್ಲಾಸ್ಕು ತೆಗೆದು, ಉಳಿದ ಗಂಜಿಯಲ್ಲಿ ಸ್ವಲ್ಪ ಮುಚ್ಚಳಕ್ಕೆ ಬಗ್ಗಿಸಿ, ಅವಳ ಬಾಯಿಯ ಹತ್ತಿರ ಹಿಡಿದಳು.

ಸೆಲ್ವಿ ಟವಲು ತೆಗೆದು ಅಲ್ಲಿಂದಲೇ ಕೂಗಿದಳು. "ಅಮ್ಮಾ, ನನ್ನನ್ನು ಸೋಲಿಸಿದ್ದು ಅವಳೇ!"

"ಸೋಲಿಸಿ ಆಯ್ತಲ್ಲ," ಎಂದಳು ವಳ್ಳಿಯಕ್ಕ, ತಿರುಗಿಯೂ ನೋಡದೆ. "ಈಗ ಉಣ್ಲಿ."

ಸೆಲ್ವಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು, ಮೂಗು ಒರೆಸಿಕೊಂಡು ಎದ್ದು ಬಂದಳು. ಆ ಹುಡುಗಿಯ ಕಾಲಿನ ಹತ್ತಿರ ಕೂತು, ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ಬಗ್ಗಿಸಿ ಸೆಳೆತ ಬಿಡಿಸತೊಡಗಿದಳು. ಹುಡುಗಿ ನಮ್ಮೆಲ್ಲರ ಮುಖ ನೋಡಿದಳು. ಗಂಜಿ ಕುಡಿದಳು. ಮುಚ್ಚಳದ ತಳದಲ್ಲಿದ್ದ ಅಗುಳನ್ನೂ ಬೆರಳಿನಿಂದ ತೆಗೆದು ತಿಂದು, ಮುಚ್ಚಳವನ್ನು ಮತ್ತೆ ವಳ್ಳಿಯಕ್ಕನ ಮುಂದೆ ಹಿಡಿದಳು.